ಕತ್ತಿ ಬೇಕೆಂದ ಹುಡುಗಿ

ಚಿತ್ರಕತೆ ಓದುವ ಮಕ್ಕಳ ಕೈಯಿಂದ ಪುಸ್ತಕ ಕಿತ್ತಿಟ್ಟುಕೊಂಡ ಶಿಕ್ಷಕಿಯರಲ್ಲಿ ನಾನೂ ಒಬ್ಬಳು. ಅಮೆರಿಕದಿಂದ ರಜೆಗೆ ಬಂದ ತಂಗಿಯ ಮಗಳು, "ದೊಡ್ಡಮ್ಮ, ಇದೊಂದು ಓದಿ ನೋಡು" ಎಂದು 'ಹಿಯರ್‌ವಿಲ್' ಸರಣಿಯ ಪುಸ್ತಕಗಳನ್ನು ಕೊಟ್ಟಾಗಲೂ ಮೂಗು ಮುರಿದಿದ್ದೆ.

ಅಮೆರಿಕದ ಬ್ಯಾರಿ ಡಾಯ್ಚ್ ಇದನ್ನು ಮೊದಲು ತಾನೇ ಬರೆದು, ಚಿತ್ರಿಸಿ, ಅಂತರ್ಜಾಲದಲ್ಲಿ ಹಾಕಿದ. 2010ರಲ್ಲಿ ಪುಸ್ತಕವಾಯಿತು. ನಾಯಕಿ ಮಿರ್ಕಾ, 11 ವರ್ಷದವಳು, ಮಡಿವಂತ ಯೆಹೂದಿಗಳ ಊರಿನವಳು. ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ ಆ ಊರಿನಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ. ಮಿರ್ಕಾಳೂ ಮುಟ್ಟುವುದಿಲ್ಲ. ಆದರೆ ಅವಳಿಗೆ ಒಂದು ಕತ್ತಿ ಬೇಕು, ಡ್ರ್ಯಾಗನ್ ಜೊತೆ ಕಾದಾಡಬೇಕು! 2012ರ ಎರಡನೆಯ ಪುಸ್ತಕದಲ್ಲಿ ಆಕಾಶದಿಂದ ಬಂದ ಉಲ್ಕೆಯೇ ಅವಳ ರೂಪ ತಾಳಿ ಎದುರು ನಿಲ್ಲುತ್ತದೆ. ವಿಜ್ಞಾನಕ್ಕಿಂತ ಮಾಟವೇ ಹೆಚ್ಚು, ಒಪ್ಪುತ್ತೇನೆ.

ಶಾಲೆಗೆ ಒಯ್ದೆ. "ಆಚಾರವಂತರ ಮನೆ ಹುಡುಗಿಗೆ ಕತ್ತಿ ಯಾಕೆ ಟೀಚರ್?" ಎಂದರು ಒಬ್ಬರು. "ದೇವರು ದಿಂಡರು ಅನ್ನೋಳಿಗೆ ಉಲ್ಕೆ ಗಿಲ್ಕೆ ಯಾಕೆ?" ಎಂದರು ವಿಚಾರವಾದಿ ಮೇಷ್ಟ್ರು. ಇಬ್ಬರಿಗೂ ಜನ್ಮಕ್ಕಾಗದು. ಆದರೆ ಭಕ್ತಿಯುಳ್ಳ ಹುಡುಗಿ ತಲೆ ತಗ್ಗಿಸಿಯೇ ಇರಬೇಕು ಎಂಬುದರಲ್ಲಿ ಇಬ್ಬರದೂ ಒಂದೇ ಮಾತು!

ಮಿರ್ಕಾಳ ಮಲತಾಯಿ ಫ್ರೂಮಾಳನ್ನು ಅವರು ನೋಡಬೇಕು. ಮಲತಾಯಿ ಎಂದರೆ ನಮ್ಮ ಕತೆಗಳಲ್ಲಿ ಕಾಟ ಕೊಡುವವಳು. ಈಕೆ ಹೆಣಿಗೆ ಕಲಿಸುತ್ತ ಕೂತು ಮಗಳೊಂದಿಗೆ ವಾದಕ್ಕಿಳಿಯುತ್ತಾಳೆ. ಎಲ್ಲವೂ ದೇವರ ಇಚ್ಛೆಯೇ, ಮನುಷ್ಯನದೂ ಏನಾದರೂ ಉಂಟೇ ಎಂಬಂಥ ಪ್ರಶ್ನೆಗೂ ಅಲ್ಲಿ ಜಾಗವಿದೆ. ಮಗಳು ಎದುರು ಮಾತಾಡಿದಳೆಂದು ಆ ಮನೆಯ ದೇವರು ಮುನಿಯುವುದಿಲ್ಲ.

ನಾನು ಹಾಗಿರಲಿಲ್ಲ. ಹಿಂದೊಮ್ಮೆ ಏಳನೇ ತರಗತಿಯಲ್ಲಿ, ಹಣೆಗೆ ವಿಭೂತಿ ಇಟ್ಟು ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ರಾಹು ನುಂಗೋದಾದ್ರೆ ಗ್ರಹಣದ ಹೊತ್ತು ಪಂಚಾಂಗದವರಿಗೆ ಮೊದಲೇ ಹೇಗೆ ಗೊತ್ತಾಗುತ್ತೆ ಮಿಸ್?" ಎಂದು ಕೇಳಿದ್ದಳು. ಎಂಥ ಪ್ರಶ್ನೆ! "ಅಧಿಕಪ್ರಸಂಗ ಮಾಡಬೇಡ, ಕೂತ್ಕೋ" ಎಂದೆ. ಕೂತಳು. ವರ್ಷವಿಡೀ ಮತ್ತೆ ಕೈ ಎತ್ತಲಿಲ್ಲ. ಅವಳ ಭಕ್ತಿ ಆ ಪ್ರಶ್ನೆಗೆ ಅಡ್ಡ ಬಂದಿರಲಿಲ್ಲ, ಅಡ್ಡ ಬಂದದ್ದು ನನ್ನ ಬಿ.ಎಡ್.

ಆದ್ದರಿಂದ ಹೇಳುತ್ತೇನೆ, ಯಾರು ಏನೇ ಅನ್ನಲಿ: ದೇವರಿಗೆ ದೀಪ ಹಚ್ಚಿದ ಕೈಯಲ್ಲೇ ದೂರದರ್ಶಕ ಹಿಡಿಯುವ ಹುಡುಗಿಯ ಚಿತ್ರಕತೆ ಕನ್ನಡದಲ್ಲೂ ಬರಲಿ. ಯಾರಾದರೂ ಬರೆದರೆ ಮೊದಲ ಪ್ರತಿಯನ್ನು ನಾನೇ ಕೊಂಡು ತರಗತಿಯಲ್ಲಿಡುತ್ತೇನೆ. ಈ ಸಲ ಕಿತ್ತಿಟ್ಟುಕೊಳ್ಳುವುದಿಲ್ಲ.