ಎಂಜಲಿನ ನಳಿಕೆ ಬೇಡ, ಕಣ್ಣಿನ ತಪಾಸಣೆ ಬೇಕು



ಬರುವ ರಾಜ್ಯೋತ್ಸವದ ಆರೋಗ್ಯ ಶಿಬಿರದಲ್ಲಿ ಹಿರಿಯರಿಗೆ ವಂಶವಾಹಿ ಪರೀಕ್ಷೆಯ ಕಿಟ್‌ಗಳನ್ನು ರಿಯಾಯಿತಿ ದರದಲ್ಲಿ ಒದಗಿಸಬೇಕೆಂಬ ಸಲಹೆ ಕೂಟದ ಮುಂದಿದೆ. ನಳಿಕೆಯಲ್ಲಿ ಎಂಜಲು ತುಂಬಿ ಅಂಚೆಗೆ ಹಾಕಿದರೆ, ಮುಪ್ಪಿನಲ್ಲಿ ದೃಷ್ಟಿಯನ್ನು ಕಸಿಯುವ ಮ್ಯಾಕ್ಯುಲಾ ಕ್ಷಯದ ಅಪಾಯ ನಮಗೆಷ್ಟಿದೆಯೆಂದು ತಿಳಿಯುವುದಂತೆ. ಶಿಬಿರವನ್ನು ನಡೆಸುತ್ತಿರುವ ಸ್ವಯಂಸೇವಕ ವೈದ್ಯರಾದ ನಾವು ಈ ಸಲಹೆಯನ್ನು ವಿರೋಧಿಸುತ್ತೇವೆ.

ವಿಜ್ಞಾನದ ಮೇಲೆ ನಮಗೆ ಮುನಿಸಿಲ್ಲ. ಓದಲು, ಮುಖ ಗುರುತಿಸಲು ನೆರವಾಗುವ ಅಕ್ಷಿಪಟಲದ ನಡುಭಾಗವೇ ಮ್ಯಾಕ್ಯುಲಾ. ಅದರ ಕ್ಷಯಕ್ಕೂ ಸಿಎಫ್‌ಎಚ್ ಎಂಬ ವಂಶವಾಹಿಗೂ ಇರುವ ನಂಟು 2005ರಲ್ಲಿ ಬೆಳಕಿಗೆ ಬಂತು. 2016ರ ಹೊತ್ತಿಗೆ ಇಂಥ 52 ಮಾರ್ಪಾಡುಗಳು ಪತ್ತೆಯಾದವು. ಈ ರೋಗದ ಒಂದು ಬಗೆಯನ್ನು ನಿಧಾನಗೊಳಿಸುವ ಎರಡು ಔಷಧಗಳಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದರ ಹಿಂದೆಯೂ ಈ ತಿಳಿವಳಿಕೆಯಿದೆ. ಆದರೆ ಸಂಶೋಧಕರಿಗೆ ದಾರಿ ತೋರಿದ್ದು ನಮ್ಮ ನಿಮ್ಮ ತಂದೆತಾಯಿಯರಿಗೂ ದಾರಿ ತೋರಬೇಕೆಂದೇನಿಲ್ಲ.

‘ತಿಳಿದುಕೊಂಡರೆ ನಷ್ಟವೇನು?’ ಎಂದು ಕೇಳುವವರಿದ್ದಾರೆ. ತಿಳಿಯುವುದಾದರೂ ಏನು? ಮನೆಗೆ ಬರುವ ಜನಪ್ರಿಯ ಕಿಟ್ ಈ ರೋಗಕ್ಕಾಗಿ ನೋಡುವುದು ಕೇವಲ ಎರಡು ಮಾರ್ಪಾಡುಗಳನ್ನು. ಇದರ ಹಿಂದಿನ ಅಧ್ಯಯನಗಳಾದರೋ ಬಹುಪಾಲು ಯುರೋಪ್ ಮೂಲದವರ ಮೇಲೆ ನಡೆದವು. ‘ಅಪಾಯ ಹೆಚ್ಚು’ ಎನಿಸಿಕೊಂಡ ಅನೇಕರಿಗೆ ರೋಗ ಬಾರದು. ‘ಹೆಚ್ಚಿಲ್ಲ’ ಎನಿಸಿಕೊಂಡ ಕೆಲವರಿಗೆ ಬಂದೀತು. ಉತ್ತರ ಯಾವುದೇ ಇರಲಿ, ನಮ್ಮ ಸಲಹೆ ಒಂದೇ: ಧೂಮಪಾನ ಬಿಡಿ, ರಕ್ತದೊತ್ತಡ ಹತೋಟಿಯಲ್ಲಿಡಿ, ಸೊಪ್ಪು ತರಕಾರಿ ತಿನ್ನಿ, ಕಣ್ಣು ತೋರಿಸಿ. ವಿಟಮಿನ್ ಮತ್ತು ಸತುವಿನ ವಿಶೇಷ ಮಾತ್ರೆಗಳು ಮಧ್ಯಮ ಹಂತ ತಲುಪಿದವರಲ್ಲಿ ರೋಗ ಉಲ್ಬಣಿಸುವ ಸಂಭವವನ್ನು ಐದು ವರ್ಷಗಳಲ್ಲಿ ಸುಮಾರು ಶೇ. 25ರಷ್ಟು ತಗ್ಗಿಸುತ್ತವೆ. ಆ ಹಂತ ಗೊತ್ತಾಗುವುದು ಕಣ್ಣನ್ನು ನೋಡಿದಾಗಲೇ ಹೊರತು ಎಂಜಲಿನಿಂದಲ್ಲ. ಅಮೆರಿಕದ ನೇತ್ರವೈದ್ಯರ ಅಕಾಡೆಮಿಯೂ ಈ ರೋಗಕ್ಕೆ ವಾಡಿಕೆಯ ವಂಶವಾಹಿ ಪರೀಕ್ಷೆ ಸಲ್ಲದೆಂದೇ ಹೇಳಿದೆ.

ನಷ್ಟವೂ ಉಂಟು. ‘ನನಗೆ ಅಪಾಯವಿಲ್ಲವಂತೆ’ ಎಂದು ನೆಮ್ಮದಿಯಿಂದಿರುವ ಹಿರಿಯರು, ಬಾಗಿಲ ಚೌಕಟ್ಟು ಡೊಂಕಾಗಿ ಕಂಡರೂ ಕನ್ನಡಕದ ದೋಷವೆಂದು ಸುಮ್ಮನಾಗಬಹುದು. ಆಗ ಕಳೆಯುವ ಒಂದೊಂದು ವಾರವೂ ದೃಷ್ಟಿಯನ್ನೇ ತೆಗೆದುಕೊಳ್ಳಬಲ್ಲದು. ಇದಲ್ಲದೆ, ನಮ್ಮವರ ಮನೆಮನೆಯಲ್ಲಿರುವ ಸಕ್ಕರೆ ಕಾಯಿಲೆ ಅಕ್ಷಿಪಟಲಕ್ಕೆ ಮಾಡಿರುವ ಹಾನಿಯ ಬಗೆಗಾಗಲಿ, ಸದ್ದಿಲ್ಲದೆ ಬರುವ ಗ್ಲಾಕೋಮಾದ ಬಗೆಗಾಗಲಿ ಆ ವರದಿ ಚಕಾರವೆತ್ತದು.

ಇನ್ನು ಗೋಪ್ಯತೆಯ ಮಾತು. ಅಮೆರಿಕದ 2008ರ ಕಾಯಿದೆ ವಂಶವಾಹಿ ಮಾಹಿತಿಯ ಆಧಾರದ ತಾರತಮ್ಯವನ್ನು ಆರೋಗ್ಯ ವಿಮೆಯಲ್ಲಿ, ಉದ್ಯೋಗದಲ್ಲಿ ತಡೆಯುತ್ತದೆ. ಜೀವವಿಮೆಗೆ, ದೀರ್ಘಕಾಲದ ಆರೈಕೆಯ ವಿಮೆಗೆ ಅದು ಅನ್ವಯಿಸದು. ಕೋಟ್ಯಂತರ ಜನರ ಮಾದರಿ ಪಡೆದಿದ್ದ 23ಆ್ಯಂಡ್‌ಮಿ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿದಾಗ, ಆ ಮಾಹಿತಿ ಯಾರ ಕೈಸೇರುವುದೋ ಎಂದು ಗ್ರಾಹಕರು ಆತಂಕಪಟ್ಟದ್ದು ಸಹಜವೇ. ಅಪ್ಪನ ಎಂಜಲಿನಲ್ಲಿ ಮಕ್ಕಳ, ಮೊಮ್ಮಕ್ಕಳ ಗುಟ್ಟೂ ಇರುತ್ತದೆಂಬುದನ್ನು ಮರೆಯಬಾರದು.

ವಂಶವಾಹಿ ಪರೀಕ್ಷೆಯೇ ಬೇಡವೆಂದಲ್ಲ. ಎಳೆಯ ವಯಸ್ಸಿನಲ್ಲೇ ಇರುಳು ಕಾಣದಾಗುವ, ಕುಟುಂಬದಲ್ಲಿ ಹರಿದುಬರುವ ಅಕ್ಷಿಪಟಲದ ರೋಗಗಳಲ್ಲಿ ಅದು ನಿಜಕ್ಕೂ ಅಗತ್ಯ. ಸೋದರಮಾವ, ಅತ್ತೆಯ ಮಗನೊಡನೆ ಮದುವೆಯಾಗುವ ರೂಢಿಯಿದ್ದ ನಮ್ಮ ಕುಟುಂಬಗಳು ಇದನ್ನು ಗಮನಿಸಬೇಕು. ಅಂಥ ಪರೀಕ್ಷೆಯನ್ನು ಮಾಡಿಸಬೇಕಾದದ್ದು ತಜ್ಞರ ಸಮಾಲೋಚನೆಯೊಡನೆ, ಉತ್ಸವದ ಮಳಿಗೆಯಲ್ಲಲ್ಲ.

ಆದ್ದರಿಂದ ಕೂಟದ ಕಾರ್ಯಕಾರಿ ಸಮಿತಿಯಲ್ಲಿ ನಮ್ಮ ಬೇಡಿಕೆ ಇಷ್ಟೇ: ಕಿಟ್‌ಗಳಿಗೆಂದು ತೆಗೆದಿಡುವ ಹಣವನ್ನು ಕಣ್ಣಿನ ಪಾಪೆ ಹಿಗ್ಗಿಸಿ ಮಾಡುವ ತಪಾಸಣೆಗೆ ಬಳಸೋಣ. ಊರಿನಿಂದ ಆರು ತಿಂಗಳ ಮಟ್ಟಿಗೆ ಬರುವ ತಂದೆತಾಯಿಯರ ಪ್ರವಾಸಿ ವಿಮೆಯಲ್ಲಿ ಇಂಥ ತಪಾಸಣೆ ಸಾಮಾನ್ಯವಾಗಿ ಸೇರಿರುವುದಿಲ್ಲ. ಮೊದಲ ಸರದಿ ಅವರದಾಗಲಿ. ಮೊಮ್ಮಕ್ಕಳ ಮುಖ ಕಾಣಲೆಂದು ಸಾಗರ ದಾಟಿ ಬಂದವರ ಕೈಗೆ ಎಂಜಲಿನ ನಳಿಕೆ ಕೊಡುವುದಕ್ಕಿಂತ, ಅವರ ಕಣ್ಣನ್ನೊಮ್ಮೆ ನೋಡುವುದು ನಮ್ಮ ಧರ್ಮ.