ಅಬ್ಬಿಯ ಬುಡದಲ್ಲಿ ಒಂದು ಚಿತ್ರ



ಬರಗಾಲದ ಬೇಸಿಗೆಗಳಲ್ಲಿ ಲಿಂಗನಮಕ್ಕಿ ಜಲಾಶಯದ ನೀರು ತೀರಾ ಕೆಳಗಿಳಿದಾಗ ಹಳೆಯ ಮಡೇನೂರು ಅಣೆಕಟ್ಟು ಮೇಲೆದ್ದು ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡ ಮೇಲೆ ನೀರಿನಡಿ ಸೇರಿದ ಕಟ್ಟಡವದು. ಅದನ್ನು ನೋಡಲು ದೂರದೂರುಗಳಿಂದ ಜನ ಬರುತ್ತಾರೆ, ಮೊಬೈಲು ಎತ್ತಿ ಹಿಡಿದು ಚಿತ್ರ ತೆಗೆಯುತ್ತಾರೆ. ತಪ್ಪೇನಿಲ್ಲ. ಆದರೆ ಅದೇ ನೀರಿನಡಿಯಲ್ಲಿರುವ ಅಂಗಳ, ಕೊಟ್ಟಿಗೆ, ಬಚ್ಚಲು, ಗದ್ದೆಯ ಬದುಗಳ ಒಂದು ಚಿತ್ರವನ್ನು ಮುಳುಗಡೆ ಸಂತ್ರಸ್ತರ ಮನೆಗಳಲ್ಲಿ ಕೇಳಿ ನೋಡಿ, ಸಿಗುವುದು ಅಪರೂಪ. ಆಗ ಕ್ಯಾಮೆರಾ ಇದ್ದದ್ದು ಪೇಟೆಯ ಸ್ಟುಡಿಯೋದಲ್ಲಿ. ಮದುವೆಯ ದಿಬ್ಬಣಕ್ಕೆ ಅದು ಬಂದರೆ ದೊಡ್ಡ ಮಾತು. ದಿನನಿತ್ಯ ನೀರು ಕೊಟ್ಟ ಬಾವಿಯ ಚಿತ್ರ ತೆಗೆಯಬೇಕೆಂದು ಯಾರಿಗೆ ತಾನೆ ಹೊಳೆದೀತು?

ಈಗ ಮಲೆನಾಡಿನ ಹೆಚ್ಚಿನ ಮನೆಗಳಲ್ಲಿ ಒಂದಾದರೂ ಕ್ಯಾಮೆರಾ ಇದೆ, ಮೊಬೈಲಿನ ರೂಪದಲ್ಲಿ. ಆದರೂ ಬಾವಿಯ ಚಿತ್ರ ಇನ್ನೂ ಇಲ್ಲ! ಜಲಪಾತದ ಮುಂದೆ ನಿಂತ ನಮ್ಮದೇ ಮುಖಗಳು ನೂರಾರಿವೆ. ಬೆಟ್ಟದ ಮೇಲಿನಿಂದ ಹಗಲಿರುಳೂ ಹರಿದು ಬರುವ ಅಬ್ಬಿ ನೀರು, ಕೊಟ್ಟಿಗೆಗೆ ಸೊಪ್ಪು ಕೊಡುವ ಬೆಟ್ಟ, ಅಪ್ಪೆಮಿಡಿ ಕೊಡುವ ಹೊಳೆಯಂಚಿನ ಮರ, ಇವು ಮಾತ್ರ ಚಿತ್ರಕ್ಕೆ ಯೋಗ್ಯವೆಂದು ನಮಗೆ ಅನ್ನಿಸಿಯೇ ಇಲ್ಲ.

ಕೃತಜ್ಞ ಎಂಬ ಪದವನ್ನು ನಾವು ವಂದನಾರ್ಪಣೆಯ ಭಾಷಣಗಳಲ್ಲಿ ಬಳಸಿ ಸವೆಸಿದ್ದೇವೆ. ಅದರ ಮೂಲಾರ್ಥ ಮಾಡಿದ್ದನ್ನು ಅರಿತವನು ಎಂದು. ಇಲ್ಲಿ ಮೊದಲು ಬರುವುದು ಅರಿವು, ನಮಸ್ಕಾರ ಆಮೇಲಿನದು. ಯಾವ ಮರ, ಯಾವ ಝರಿ, ಯಾರ ಕೈ ನನಗೇನು ಕೊಟ್ಟಿತು ಎಂದು ನೋಡಿಯೇ ಇರದವನು ಯಾವುದಕ್ಕೆ ಕೈಮುಗಿದಾನು?

ನಮ್ಮ ಹಿರಿಯರಿಗೆ ಈ ನೋಟ ಹಬ್ಬದ ಮೂಲಕ ಬರುತ್ತಿತ್ತು. ಭೂಮಿ ಹುಣ್ಣಿಮೆಯನ್ನೇ ನೆನೆಯಿರಿ. ತೆನೆ ಕಟ್ಟುವ ಪೈರನ್ನು ಬಸುರಿಯೆಂದು ಭಾವಿಸಿ ಬಯಕೆಯ ಅಡುಗೆ ಬಡಿಸುವ ದಿನವದು. ಅದಕ್ಕಾಗಿ ಬೆಟ್ಟ ತಿರುಗಿ ಬಗೆಬಗೆಯ ಸೊಪ್ಪು, ಕುಡಿಗಳನ್ನು ಆರಿಸಿ ತರಬೇಕು. ತರಬೇಕಾದರೆ ಅವು ಎಲ್ಲೆಲ್ಲಿವೆ ಎಂದು ತಿಳಿದಿರಬೇಕು. ದೀವರ ಮನೆಗಳಲ್ಲಿ ಹೆಂಗಸರು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಚಿತ್ತಾರ ಬರೆಯುತ್ತಾರೆ. ಉಣ್ಣುವ ಅನ್ನದ ಬಣ್ಣದಿಂದಲೇ ಅನ್ನ ಕೊಟ್ಟವಳ ಚಿತ್ರ! ಇದಕ್ಕಿಂತ ನೇರವಾದ ಕೃತಜ್ಞತೆಯನ್ನು ನಾವು ಕಂಡಿಲ್ಲ. ಮೊಬೈಲು ಆ ಕುಂಚದ ಜಾಗಕ್ಕೆ ಬರಲಾರದು, ಬರಬೇಕಾಗಿಯೂ ಇಲ್ಲ. ಆದರೆ ಕುಂಚ ಹಿಡಿಯಲು ಬಾರದ ನಮ್ಮಂಥವರಿಗೆ ನೋಡುವ ಅಭ್ಯಾಸವನ್ನಾದರೂ ಅದು ಮಾಡಿಸಬಲ್ಲದು.

ಅಭ್ಯಾಸ ಸರಳವಾದದ್ದು. ದಿನಕ್ಕೆ ಒಂದೇ ಚಿತ್ರ. ಅಂದು ನಮಗೆ ಏನನ್ನಾದರೂ ಕೊಟ್ಟದ್ದರ ಚಿತ್ರ. ಅದರಲ್ಲಿ ನಮ್ಮ ಮುಖ ಇರಬಾರದು. ತಾರೀಖು, ಸ್ಥಳ, ಕೊಟ್ಟದ್ದೇನು ಎಂದು ಒಂದು ಸಾಲು ಬರೆದಿಡಬೇಕು. ಒಂದೇ ಎಂಬುದು ಮುಖ್ಯ. ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನುಹತ್ತಿದ್ದು ಒಂದು ರೀಲಿಗೆ 36 ಚಿತ್ರಗಳ ಕಾಲದಲ್ಲಿ. ಕ್ಲಿಕ್ಕಿಸುವ ಮೊದಲು ಕಾಯಲೇಬೇಕಿತ್ತು. ಇಂದು ಆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕಾಗಿದೆ. ಹಕ್ಕಿಯ ಗೂಡಿನ ಹತ್ತಿರ ಹೋಗುವುದು, ಅಪರೂಪದ ಸೀತಾಳೆ ದಂಡೆ ಇರುವ ಜಾಗವನ್ನು ಊರಿಗೆಲ್ಲ ಸಾರುವುದು ಬೇಡ. ಗದ್ದೆಯಲ್ಲಿ ಬಗ್ಗಿ ದುಡಿಯುತ್ತಿರುವ ಅಕ್ಕನ ಚಿತ್ರ ಬೇಕಿದ್ದರೆ ಮೊದಲು ಅವರನ್ನು ಕೇಳಬೇಕು.

ಇದರಿಂದ ಕಾಡು ಉಳಿಯುತ್ತದೆಯೇ ಎಂದು ಚಳವಳಿಯ ಗೆಳೆಯರು ಕೇಳುತ್ತಾರೆ. ಚಿತ್ರದಿಂದಷ್ಟೇ ಉಳಿಯುವುದಿಲ್ಲ, ನಿಜ. ಆದರೆ 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ, ಆ ಕಾಡು ಏನು ಕೊಡುತ್ತಿತ್ತೆಂದು ಅವರಿಗೆ ಗೊತ್ತಿತ್ತು. ಆ ತಿಳಿವಳಿಕೆ ಇಂದಿನ ವಿದ್ಯಾರ್ಥಿಗಳಿಗೆ ಎಷ್ಟರಮಟ್ಟಿಗೆ ದಾಟಿದೆ? ಪೈಪು ಬಂದ ಮನೆಯ ಹುಡುಗನಿಗೆ ಆ ಪೈಪು ಯಾವ ಗುಡ್ಡದ ಅಬ್ಬಿಯಿಂದ ಬರುತ್ತದೆಂದು ತಿಳಿಯದಿದ್ದರೆ, ನಾಳೆ ಆ ಗುಡ್ಡಕ್ಕೆ ಯಂತ್ರ ಬಂದಾಗ ಅವನು ಏಕೆ ಎದ್ದು ನಿಂತಾನು? ಪ್ರತಿ ತಿಂಗಳು ಒಂದೇ ಜಾಗದಲ್ಲಿ ನಿಂತು ಅಬ್ಬಿಯ ಬುಡದ ಚಿತ್ರ ತೆಗೆದವನಿಗೆ ಇನ್ನೊಂದು ಲಾಭವೂ ಇದೆ. ಯಾವ ವರ್ಷ ನೀರು ಬೇಗ ಸಣ್ಣದಾಯಿತು ಎಂಬುದಕ್ಕೆ ತಾರೀಖಿನ ಸಮೇತ ಸಾಕ್ಷಿ ಅವನ ಕೈಯಲ್ಲಿರುತ್ತದೆ. ಅಹವಾಲು ಸಭೆಗಳಲ್ಲಿ ನಾವು ಬರಿಗೈಯಲ್ಲಿ ಮಾತಾಡಿ ಸೋತದ್ದು ಸಾಕು.

ಮೊಬೈಲೂ ಋಣಮುಕ್ತವಲ್ಲ. ಅದರ ಲೋಹ ಯಾವುದೋ ನಾಡಿನ ಬೆಟ್ಟ ಅಗೆದು ತಂದದ್ದು. ಅದಕ್ಕೆ ತುಂಬುವ ವಿದ್ಯುತ್ತಿನಲ್ಲಿ 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಪಾಲಿದೆ, ಅಂದರೆ ಮುಳುಗಿದ ಆ ಅಂಗಳಗಳ ಪಾಲೂ ಇದೆ. ದಿನದ ಒಂದು ಚಿತ್ರದ ಸಾಲಿನಲ್ಲಿ ಅದನ್ನೂ ಒಮ್ಮೆ ಬರೆಯಬಹುದು.

ಭೂಮಿ ಹುಣ್ಣಿಮೆ ಹತ್ತಿರ ಬಂದಿದೆ. ನಸುಕಿನಲ್ಲಿ ಗದ್ದೆಗೆ ಹೋಗುವಾಗ ಮೊಬೈಲು ಕಿಸೆಯಲ್ಲೇ ಇರಲಿ, ಪೂಜೆ ಮುಗಿಯಲಿ. ಹಿಂತಿರುಗುವಾಗ ಒಂದೇ ಒಂದು ಚಿತ್ರ ತೆಗೆದು, ಊರು, ತಾರೀಖು, ಒಂದು ಸಾಲು ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯ ನಡುಪುಟಗಳನ್ನು ಅವುಗಳಿಗೆಂದೇ ಬಿಟ್ಟಿದ್ದೇವೆ. ಮಂಜಿನಲ್ಲಿ ಚಿತ್ರ ಮಸುಕಾಗಿದ್ದರೂ ಅಡ್ಡಿಯಿಲ್ಲ.