‘ಕೆಟ್ಟಿದೆ’ ಎನ್ನುವ ಮೊದಲು ‘ಎಲ್ಲಿ ನಿಂತಿದೆ?’ ಎಂದು ಕೇಳೋಣ

ಮಕ್ಕಳೇ, ನಿಮ್ಮ ಶಾಲೆಯ ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಕಂಪ್ಯೂಟರ್ ಇದೆಯೇ? ಅದರ ಮೇಲೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿದ್ದಾರೆಯೇ? ಹಾಗಿದ್ದರೆ ಈ ಲೇಖನವನ್ನು ನಿಮ್ಮ ಶಿಕ್ಷಕರಿಗೂ ಓದಿ ಹೇಳಿ.

ಕೆಂಗೇರಿ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಅಲ್ಲಿನ ಏಳನೆಯ ತರಗತಿಯ ಮಕ್ಕಳು ಡಬ್ಬಿಯಿಂದ ಮಳೆಮಾಪಕ ಮಾಡಿಕೊಂಡು, ಜೂನ್ ತಿಂಗಳಿನಿಂದ ದಸರಾ ರಜೆಯವರೆಗೆ ಪ್ರತಿದಿನದ ಮಳೆಯನ್ನು ಅಳೆದಿದ್ದರು. ಲೆಕ್ಕವೆಲ್ಲ ಶಾಲೆಯ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ರಜೆ ಮುಗಿಸಿ ಬಂದು ಪ್ಲಗ್ ಹಾಕಿದರೆ ಅದು ಚಾಲೂ ಆಗಲಿಲ್ಲ. ‘ಚಾಲೂ ಮಾಡಲು ಡಿಸ್ಕ್ ಸಿಗುತ್ತಿಲ್ಲ’ ಎಂಬ ಅರ್ಥದ ಒಂದು ಸಾಲು ಪರದೆಯ ಮೇಲೆ ಬಂದು ನಿಂತಿತು. ನೋಡಲು ಬಂದಿದ್ದ ರಿಪೇರಿಯವರು, “ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು. ಹಳೆಯದರಲ್ಲಿ ಇದ್ದದ್ದು ಸಿಗೋದಿಲ್ಲ” ಎಂದು ಹೇಳಿ ಹೊರಟರು. ಮಕ್ಕಳ ಮುಖ ಸಪ್ಪಗಾಯಿತು.

ಆಗ ಒಬ್ಬ ಹುಡುಗಿ, “ಮಿಸ್, ಇದರಲ್ಲಿ ತಾರೀಖು 2002 ಅಂತ ತೋರಿಸ್ತಿದೆ ನೋಡಿ” ಎಂದಳು. ನಾವು ದೊಡ್ಡವರು ಯಾರೂ ಅದನ್ನು ಗಮನಿಸಿರಲಿಲ್ಲ!

ಕಂಪ್ಯೂಟರ್ ಚಾಲೂ ಆಗುವುದು ಒಂದೇ ಕೆಲಸವಲ್ಲ. ಬೆಳಗ್ಗೆ ನಿಮ್ಮ ಶಾಲೆ ಶುರುವಾಗುವುದನ್ನು ನೆನಪಿಸಿಕೊಳ್ಳಿ. ಗಂಟೆ, ಪ್ರಾರ್ಥನೆ, ಹಾಜರಿ, ಆಮೇಲೆ ಪಾಠ. ಕಂಪ್ಯೂಟರಿನಲ್ಲೂ ಹೀಗೆಯೇ. ಮೊದಲು ವಿದ್ಯುತ್ ಬರುತ್ತದೆ. ಮದರ್‌ಬೋರ್ಡಿನ ಒಂದು ಚಿಪ್‌ನಲ್ಲಿರುವ ಬಯಾಸ್ ಎಂಬ ಪುಟ್ಟ ತಂತ್ರಾಂಶ ಎಚ್ಚರಗೊಂಡು ಮೆಮೊರಿ, ಕೀಲಿಮಣೆ ಮುಂತಾದವುಗಳ ಹಾಜರಿ ತೆಗೆದುಕೊಳ್ಳುತ್ತದೆ. ನಂತರ ಸಿ.ಡಿ., ಹಾರ್ಡ್ ಡಿಸ್ಕ್‌ಗಳನ್ನು ಒಂದೊಂದಾಗಿ ನೋಡಿ, ಕಾರ್ಯಾಚರಣಾ ವ್ಯವಸ್ಥೆ ಎಲ್ಲಿದೆಯೋ ಅಲ್ಲಿಂದ ಅದನ್ನು ಮೆಮೊರಿಗೆ ತರುತ್ತದೆ. ಪರದೆಯ ಮೇಲೆ ಆ ಸಾಲು ಬಂದಿತ್ತಲ್ಲವೇ? ಅಂದರೆ ವಿದ್ಯುತ್, ಪ್ರೊಸೆಸರ್, ಮೆಮೊರಿ, ಪರದೆ ಕೆಲಸ ಮಾಡುತ್ತಿವೆ ಎಂದಾಯಿತು. ನಿಂತಿರುವುದು ಕೊನೆಯ ಮೆಟ್ಟಿಲಿನಲ್ಲಿ ಮಾತ್ರ.

ಹಾಗಾದರೆ ತಾರೀಖು ತಪ್ಪಿದ್ದೇಕೆ? ಮದರ್‌ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟ್ ಶುಷ್ಕಕೋಶವೊಂದು ಇರುತ್ತದೆ. ಪ್ಲಗ್ ತೆಗೆದಾಗಲೂ ಗಡಿಯಾರವನ್ನು ನಡೆಸುವುದು ಅದೇ. ಹಳೆಯ ಕಂಪ್ಯೂಟರುಗಳಲ್ಲಿ ಬಯಾಸ್‌ನ ಆಯ್ಕೆಗಳನ್ನು ನೆನಪಿಡುವುದೂ ಅದೇ. ಕೆಲವು ವರ್ಷಗಳಲ್ಲಿ ಅದು ದುರ್ಬಲವಾಗುತ್ತದೆ. ರಜೆಯಲ್ಲಿ ಪ್ಲಗ್ ತೆಗೆದಿಟ್ಟಿದ್ದರಿಂದ ಯಂತ್ರ ತಾರೀಖನ್ನು ಮರೆತಿತ್ತು. ಹಾರ್ಡ್ ಡಿಸ್ಕನ್ನೂ ಮರೆತಿರಬಹುದಲ್ಲವೇ?

ಊಹೆ ಸಾಲದು, ಪರೀಕ್ಷೆ ಬೇಕು. ಲಿನಕ್ಸ್ ಇದ್ದ ಸಿ.ಡಿ.ಯಿಂದ ಚಾಲೂ ಮಾಡಿದೆವು. ಕಂಪ್ಯೂಟರ್ ಸಲೀಸಾಗಿ ನಡೆಯಿತು. ಆದರೆ ಹಾರ್ಡ್ ಡಿಸ್ಕ್ ಕಾಣಿಸಲಿಲ್ಲ. ಪ್ಲಗ್ ತೆಗೆದು, ಪೆಟ್ಟಿಗೆ ಬಿಚ್ಚಿ, ಡಿಸ್ಕಿನ ಕೇಬಲ್ಲನ್ನು ಕಿತ್ತು ಮತ್ತೆ ಭದ್ರವಾಗಿ ಕೂರಿಸಿದೆವು. ಬದಲಾವಣೆ ಇಲ್ಲ. ಬಳಿಕ ಹೊಸ ಕೋಶ ಹಾಕಿ ತಾರೀಖು ಸರಿಪಡಿಸಿದೆವು. ಬಯಾಸ್‌ನ ಪಟ್ಟಿಯಲ್ಲಿ ಹಾರ್ಡ್ ಡಿಸ್ಕಿನ ಸಾಲು ‘ಆಫ್’ ಎಂದಿತ್ತು! ಅದನ್ನು ‘ಆನ್’ ಮಾಡಿದೆವು. ಕಂಪ್ಯೂಟರ್ ಚಾಲೂ ಆಯಿತು. ಮಕ್ಕಳು ಮಾಡಿದ ಮೊದಲ ಕೆಲಸವೆಂದರೆ ಮಳೆಯ ಲೆಕ್ಕವನ್ನು ಪೆನ್‌ಡ್ರೈವ್‌ಗೂ, ಒಂದು ನೋಟ್‌ಬುಕ್ಕಿಗೂ ಇಳಿಸಿಕೊಂಡದ್ದು. ಎಲ್ಲ ಸರಿಹೋದದ್ದು ಒಂದು ನೋಟ್‌ಬುಕ್ಕಿನ ಬೆಲೆಯ ಕೋಶದಿಂದ.

ಎಲ್ಲ ಸಲವೂ ಹೀಗೇ ಆಗುತ್ತದೆಂದು ನಾನು ಹೇಳುವುದಿಲ್ಲ. ಹಾರ್ಡ್ ಡಿಸ್ಕಿನ ಒಳಗಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸಲ ತಿರುಗುತ್ತವೆ. ಅವೂ ಸವೆಯುತ್ತವೆ. ‘ಟಕ್, ಟಕ್’ ಎಂಬ ಸದ್ದು ಮತ್ತೆ ಮತ್ತೆ ಬಂದರೆ ಡಿಸ್ಕ್ ನಿಜವಾಗಿಯೂ ಕೆಡುತ್ತಿರಬಹುದು. ಆಗ ಪದೇಪದೇ ಚಾಲೂ ಮಾಡಬಾರದು. ತಿಳಿದವರ ಸಹಾಯದಿಂದ ಅದರಲ್ಲಿರುವುದನ್ನು ಮೊದಲು ಬೇರೆಡೆಗೆ ಇಳಿಸಿಕೊಳ್ಳಬೇಕು. ಆದರೆ ಕೇಳದೆ, ನೋಡದೆ ‘ಹೋಗಿದೆ’ ಎನ್ನುವುದು ವಿಜ್ಞಾನವಲ್ಲ.

“ಮಕ್ಕಳ ಕೈಗೆ ಕೊಟ್ಟರೆ ಇನ್ನಷ್ಟು ಹಾಳುಮಾಡುತ್ತಾರೆ” ಎಂದು ಕೆಲವರು ಹೇಳುತ್ತಾರೆ. ಈ ಭಯ ಸುಳ್ಳಲ್ಲ. ಅದಕ್ಕಾಗಿಯೇ ನಿಯಮಗಳು ಬೇಕು. ಶಿಕ್ಷಕರು ಪಕ್ಕದಲ್ಲೇ ಇರಬೇಕು. ಪ್ಲಗ್ ತೆಗೆಯದೆ ಪೆಟ್ಟಿಗೆ ಬಿಚ್ಚಬಾರದು. ವಿದ್ಯುತ್ ಕೊಡುವ ಎಸ್.ಎಂ.ಪಿ.ಎಸ್. ಡಬ್ಬಿಯನ್ನಂತೂ ಎಂದಿಗೂ ತೆರೆಯಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು. ರಾಜಾಜಿನಗರ, ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಲ್ಲಿ ಲೇತ್ ಯಂತ್ರ ನಿಂತರೆ ಅದನ್ನು ಗುಜರಿಗೆ ಹಾಕುವುದಿಲ್ಲ. ಸ್ವಿಚ್ ನೋಡುತ್ತಾರೆ, ಬೆಲ್ಟ್ ನೋಡುತ್ತಾರೆ, ಮೋಟಾರಿನ ಸದ್ದು ಕೇಳುತ್ತಾರೆ. ನಿಮ್ಮಲ್ಲಿ ಕೆಲವರ ಅಪ್ಪ, ಮಾವಂದಿರಿಗೆ ಈ ವಿದ್ಯೆ ಗೊತ್ತು. ಅದು ಶಾಲೆಯೊಳಗೂ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಎಸೆದ ಕಂಪ್ಯೂಟರ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಿ. ಮೈಸೂರು ರಸ್ತೆಯ ಆಸುಪಾಸಿನ ಗೌರಿಪಾಳ್ಯ, ನಾಯಂಡಹಳ್ಳಿಗಳ ಗುಜರಿ ಅಂಗಡಿಗಳನ್ನು ನೀವು ನೋಡಿರಬಹುದು. ಹಳೆಯ ಮದರ್‌ಬೋರ್ಡಿನ ಬೆಸುಗೆಯಲ್ಲಿ ಸೀಸವಿದೆ. ಅದನ್ನು ಬಯಲಲ್ಲಿ ಸುಟ್ಟರೆ ವಿಷ ಗಾಳಿಗೆ, ನೆಲಕ್ಕೆ ಸೇರುತ್ತದೆ. 2022ರಲ್ಲಿ ಜಗತ್ತಿನಲ್ಲಿ ಉಂಟಾದ ಇ-ತ್ಯಾಜ್ಯ ಸುಮಾರು 6 ಕೋಟಿ 20 ಲಕ್ಷ ಟನ್. ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ಲೆಕ್ಕ ಸಿಕ್ಕಿದ್ದು ಅದರ ಕಾಲುಭಾಗಕ್ಕಿಂತ ಕಡಿಮೆ. ದುರಸ್ತಿಯೇ ಆಗದ ಯಂತ್ರವನ್ನು ಪರವಾನಗಿ ಇರುವ ಇ-ತ್ಯಾಜ್ಯ ಘಟಕಕ್ಕೇ ಕೊಡಬೇಕು. ಆದರೆ ಬರೆಯಲು, ಲೆಕ್ಕ ಮಾಡಲು, ಚಿತ್ರ ಬಿಡಿಸಲು ಸಾಲುವ ಕಂಪ್ಯೂಟರನ್ನು ಒಂದು ಚಿಕ್ಕ ಕೋಶಕ್ಕಾಗಿ ಕಳೆದುಕೊಳ್ಳಬಾರದು.

ನಿಮ್ಮ ಶಾಲೆಯ ಕಂಪ್ಯೂಟರಿನ ಪಕ್ಕದಲ್ಲಿ ಇಂದೇ ಒಂದು ಪುಸ್ತಕ ಇಡಿ. ಎಂದು ನಿಂತಿತು, ಪರದೆಯಲ್ಲಿ ಏನು ಕಂಡಿತು, ಯಾವ ಸದ್ದು ಬಂತು, ಏನು ಬದಲಿಸಿದಿರಿ ಎಂದು ಬರೆಯಿರಿ. ಮುಂದಿನ ವರ್ಷದ ಮಕ್ಕಳಿಗೆ ಅದು ಉಪಯೋಗಕ್ಕೆ ಬರುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಹೀಗೆ ಬರೆಯಿರಿ: ‘ಎಲ್ಲಿ ನಿಂತಿದೆ?’